ಅರಳು ಮರಳಿನ ಚರಿತ್ರೆ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮುದುಕರು ಒಂದೇ ಮಾತನ್ನು ಎರಡು ಸಲ ಕೇಳಿದರೆ, ಉಂಡ ಊಟವನ್ನು ಮರೆತು ಮತ್ತೆ ತಟ್ಟೆಗೆ ಕುಳಿತರೆ, ಸತ್ತುಹೋದ ತಮ್ಮನನ್ನು ಹೆಸರು ಹಿಡಿದು ಕರೆದರೆ, ಮನೆಯವರು ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತಿದ್ದರು. ಅದರಲ್ಲಿ ಸ್ವಲ್ಪ ನಗೆ, ಸ್ವಲ್ಪ ಮರುಕ, ಬಹಳಷ್ಟು ಒಪ್ಪಿಗೆ ಕೂಡಿಕೊಂಡಿದ್ದವು. ಕೂದಲು ನರೆಯುವಂತೆ, ಹಲ್ಲು ಬೀಳುವಂತೆ ಬುದ್ಧಿಯೂ ಒಂದು ದಿನ ಸಡಿಲುವುದು ಸಹಜವೇ ಎಂಬ ಒಪ್ಪಿಗೆ ಅದು. ಕನ್ನಡದ ಒಬ್ಬ ಕವಿ ಮಾತ್ರ ಈ ಮಾತನ್ನು ಹಿಡಿದು ಮಗುಚಿ ಹಾಕಿದರು. ಅರವತ್ತರ ಹೊಸ್ತಿಲು ದಾಟಿದ ಬೇಂದ್ರೆಯವರು ತಮ್ಮ ಐದು ಸಂಕಲನಗಳ ಸಮುಚ್ಚಯಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಮುಪ್ಪಿನ ಮರುಳನ್ನು ಸೂಚಿಸುವ ಆ ಜೋಡಿಮಾತಿನಲ್ಲಿ ಮರಳಿ ಅರಳುವ ಅರ್ಥವನ್ನು ಅವರು ಕಂಡರು. 1958ರಲ್ಲಿ ಆ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕವಿಗೆ ಒಲಿದ ಆ ಎರಡನೆಯ ಅರ್ಥ ಎಲ್ಲ ಮುದುಕರಿಗೂ ಒಲಿಯುವುದಿಲ್ಲ. ಮೊದಲನೆಯ ಅರ್ಥದಲ್ಲಿಯೇ ಸಿಕ್ಕಿಬಿದ್ದವರ ಕಥೆಯನ್ನು, ಆ ಸ್ಥಿತಿಗೆ ಮನುಷ್ಯರು ಕಾಲಕಾಲಕ್ಕೆ ಕೊಟ್ಟ ಹೆಸರುಗಳ ಕಥೆಯನ್ನು, ಅಂಥವರನ್ನು ಇಡಲು ಕಟ್ಟಿದ ಮನೆಗಳ ಕಥೆಯನ್ನು ಇಲ್ಲಿ ತುಸು ಬಿಡಿಸಿ ನೋಡಬಹುದು.

ಮೊದಲು ನಮ್ಮ ಹಿಂದಿನವರು ಏನು ತಿಳಿದಿದ್ದರು ಎಂಬುದನ್ನು ನೋಡೋಣ. ಆಯುರ್ವೇದದ ಎಂಟು ಅಂಗಗಳಲ್ಲಿ ಮುಪ್ಪನ್ನು ಕುರಿತದ್ದಕ್ಕೆ ಒಂದು ಅಂಗವೇ ಮೀಸಲಾಗಿದೆ. ಅದೇ ರಸಾಯನತಂತ್ರ. ಚರಕ ಸಂಹಿತೆಯು ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಬೇರೆ ಬೇರೆಯಾಗಿ ಎಣಿಸಿ, ಇವು ನೆಲೆತಪ್ಪಿದಾಗ ಮನುಷ್ಯನು ತನಗೆ ತಾನೇ ಕೇಡು ತಂದುಕೊಳ್ಳುತ್ತಾನೆ ಎಂದು ಹೇಳುತ್ತದೆ. ಮೇಧ್ಯ ರಸಾಯನಗಳೆಂದು ಅದು ಹೆಸರಿಸುವ ನಾಲ್ಕು ಮದ್ದುಗಳಲ್ಲಿ ಮಂಡೂಕಪರ್ಣಿಯೂ ಒಂದು. ನಮ್ಮ ಹೆಂಗಸರು ಬಾವಿಯ ಬದಿಯಿಂದ ಕಿತ್ತು ತಂದು ಚಟ್ನಿ ಅರೆಯುವ ಒಂದೆಲಗವೇ ಅದು. ನೆನಪು ಎಂಬುದು ಬುದ್ಧಿಯಿಂದ ಬೇರೆಯಾದ ಒಂದು ಶಕ್ತಿ, ಅದು ಪ್ರತ್ಯೇಕವಾಗಿ ಕೆಡಬಲ್ಲದು ಎಂಬ ಅರಿವು ಹೀಗೆ ಬಹಳ ಹಳೆಯದು.

ಆದರೆ ಸಾಹಿತ್ಯದಲ್ಲಿ ಮುಪ್ಪಿನ ಚಿತ್ರ ಬಂದಾಗ ಅದು ಬಹುಮಟ್ಟಿಗೆ ದೇಹದ ಚಿತ್ರವೇ. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸುತ್ತದೆ. ಅಲ್ಲಿ ಬರುವುದು ಕೂದಲು, ಕೆನ್ನೆ, ಹಲ್ಲು, ಬೆನ್ನು, ಕೈಯ ಕೋಲು ಮತ್ತು ಪರರ ಹಂಗು. ನೆನಪು ಅಳಿಯುವ ಸಂಗತಿ ಆ ಪಟ್ಟಿಯಲ್ಲಿಲ್ಲ. ಇದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಅಷ್ಟು ದೂರ ಬದುಕಿ ಉಳಿಯುತ್ತಿದ್ದವರು ಕಡಿಮೆ. ದೇಶ ಸ್ವತಂತ್ರವಾದ ಕಾಲದಲ್ಲಿಯೂ ಭಾರತೀಯರ ಸರಾಸರಿ ಆಯುಷ್ಯ 32 ವರ್ಷಗಳ ಆಸುಪಾಸಿನಲ್ಲಿತ್ತು. ಎಳೆಯ ಮಕ್ಕಳ ಸಾವೇ ಆ ಸರಾಸರಿಯನ್ನು ಕೆಳಗೆಳೆದಿತ್ತೆಂಬುದು ನಿಜ. ಬಾಲ್ಯವನ್ನು ದಾಟಿದವರು ಎಪ್ಪತ್ತನ್ನು ಕಾಣುತ್ತಿದ್ದುದೂ ಉಂಟು. ಆದರೂ ಕಾಲರಾ, ಪ್ಲೇಗು, ಬರಗಳ ನಡುವೆ ಎಂಬತ್ತು ಮುಟ್ಟಿದ ಮುದುಕಿ ಊರಿಗೆ ಒಬ್ಬಿಬ್ಬರೇ ಇರುತ್ತಿದ್ದರು. ಅವರು ಮರೆತರೆ ಅದು ಆ ಮನೆಯ ಸಂಗತಿಯಾಗುತ್ತಿತ್ತೇ ಹೊರತು ನಾಡಿನ ಸಂಗತಿಯಾಗುತ್ತಿರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವಿನ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುರಗೋಡ ಇಲ್ಲಿಯ ಹಳೆಯ ಊರು. ಚಿದಂಬರ ದೀಕ್ಷಿತರ ಹೆಸರಿನಿಂದಲೂ ಮಹಾಂತ ಶಿವಯೋಗಿಗಳ ಹೆಸರಿನಿಂದಲೂ ಆಚೆಯ ಸೀಮೆಗಳಿಗೂ ಪರಿಚಿತವಾದದ್ದು. ಕರಿಮಣ್ಣಿನ ನೆಲ, ಜೋಳ ಮತ್ತು ಹತ್ತಿಯ ಬೆಳೆ, ಪಡಸಾಲೆಯುಳ್ಳ ಮಣ್ಣಿನ ಮಾಳಿಗೆಯ ಮನೆ. ಈ ಮನೆಗಳಲ್ಲಿ ಮುದುಕರ ಸ್ಥಾನ ಪಡಸಾಲೆಯ ಕಂಬದ ಬುಡ. ಮರೆವು ಬಂದರೂ ಆ ಸ್ಥಾನ ಹೋಗುತ್ತಿರಲಿಲ್ಲ. ದಾರಿ ತಪ್ಪಿ ಅಗಸಿಯಾಚೆ ನಡೆದ ಅಜ್ಜನನ್ನು ಹೊಲದಿಂದ ಬರುವ ಯಾರಾದರೂ ಗುರುತು ಹಿಡಿದು ಕೈಹಿಡಿದು ಕರೆತರುತ್ತಿದ್ದರು. ಇಡೀ ಊರು ಒಬ್ಬರನ್ನೊಬ್ಬರು ಬಲ್ಲದ್ದಾಗಿದ್ದಾಗ, ಒಬ್ಬನು ತನ್ನನ್ನು ತಾನು ಮರೆತರೂ ಅವನು ಯಾರೆಂಬುದನ್ನು ಊರು ನೆನಪಿಟ್ಟಿರುತ್ತಿತ್ತು.

ಇದನ್ನು ಹೇಳಿದೊಡನೆ ಆ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರು ಬಿಡುವುದು ಸುಲಭ. ಚರಿತ್ರೆ ಅಷ್ಟು ಸುಲಭವಾದದ್ದಲ್ಲ. ಕಂಬದ ಬುಡದಲ್ಲಿ ಕುಳಿತ ಅತ್ತೆಯ ಮಲಮೂತ್ರವನ್ನು ತೆಗೆಯುತ್ತಿದ್ದವಳು ಸೊಸೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕದ ತಟ್ಟುವ ಮಾವನಿಗಾಗಿ ಎದ್ದು ಕೂಡುತ್ತಿದ್ದವಳೂ ಸೊಸೆಯೇ. ಬೆಳಗಾದರೆ ಅವಳಿಗೆ ರೊಟ್ಟಿ ಬಡಿಯುವುದು, ಬುತ್ತಿ ಕಟ್ಟುವುದು, ಹೊಲಕ್ಕೆ ಹೋಗುವುದು ತಪ್ಪುತ್ತಿರಲಿಲ್ಲ. ಅವಳ ದಣಿವನ್ನು ಯಾವ ದಫ್ತರದಲ್ಲಿಯೂ ಬರೆದಿಟ್ಟಿಲ್ಲ. ಮರೆವಿಗೆ ದೆವ್ವದ ಕಾರಣ ಕಟ್ಟಿ ತಾಯಿತ ಕಟ್ಟಿಸಿದವರುಂಟು, ಒಳಕೋಣೆಯಲ್ಲಿ ಕೂಡಿಹಾಕಿದವರೂ ಉಂಟು. ಅವಿಭಕ್ತ ಕುಟುಂಬದ ಕರುಣೆಯನ್ನು ಹೊಗಳುವಾಗ ಆ ಕರುಣೆ ಯಾರ ಬೆನ್ನಮೇಲೆ ನಿಂತಿತ್ತು ಎಂಬುದನ್ನೂ ನಾವು ಹೇಳಬೇಕು.

ಸರಕಾರದ ದೃಷ್ಟಿಗೆ ಈ ಮುದುಕರು ಬೀಳಲೇ ಇಲ್ಲ. 1858ರಲ್ಲಿ ಕಂಪನಿಯ ಆಳಿಕೆಯಿಂದ ರಾಣಿಯ ಆಳಿಕೆಗೆ ದೇಶ ಹೊರಳಿದ ವರ್ಷವೇ ಹುಚ್ಚಾಸ್ಪತ್ರೆಗಳ ಕಾಯಿದೆ ಬಂದಿತು. 1912ರಲ್ಲಿ ಅದರ ಸ್ಥಾನದಲ್ಲಿ ಲ್ಯುನಸಿ ಕಾಯಿದೆ ಬಂದಿತು. ಮುಂಬಯಿ ಇಲಾಖೆಗೆ ಸೇರಿದ್ದ ಈ ಸೀಮೆಗೆ ಹತ್ತಿರದ ಹುಚ್ಚಾಸ್ಪತ್ರೆಯೆಂದರೆ 19ನೆಯ ಶತಮಾನದಲ್ಲಿ ಧಾರವಾಡದಲ್ಲಿ ತೆರೆದದ್ದು. ಇಂದು ಅದು ಬೆಳೆದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ಆ ಹಳೆಯ ಕಾಯಿದೆಗಳ ಚಿಂತೆಯೆಲ್ಲ ಅಪಾಯಕಾರಿಯಾದವನನ್ನು, ಬೀದಿಯಲ್ಲಿ ಅಲೆಯುವವನನ್ನು ಎಲ್ಲಿ ಇಡಬೇಕೆಂಬುದು. ಪಡಸಾಲೆಯಲ್ಲಿ ಕುಳಿತು ಮಗನನ್ನು ತಮ್ಮನೆಂದು ಕರೆಯುವ ಮುದುಕಿಯ ಬಗೆಗೆ ಅವಕ್ಕೆ ಹೇಳುವಂಥದೇನೂ ಇರಲಿಲ್ಲ. ಅವಳಿಗೆ ರೋಗವಿದೆ ಎಂದು ಆಗ ಯಾರೂ ತಿಳಿದಿರಲಿಲ್ಲ.

ರೋಗವೆಂಬ ತಿಳಿವು ಮೂಡಿದ್ದು ಜರ್ಮನಿಯಲ್ಲಿ. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಔಗುಸ್ಟ ಡೀಟರ್ ಎಂಬ 51 ವಯಸ್ಸಿನ ಹೆಂಗಸನ್ನು ಕರೆತಂದರು. ಆಲೋಯ್ಸ್ ಆಲ್ಝೈಮರ್ ಎಂಬ ವೈದ್ಯ ಅವಳ ಎದುರು ಕುಳಿತು ಪ್ರಶ್ನೆ ಕೇಳಿ, ಬಂದ ಉತ್ತರಗಳನ್ನು ಹಾಗೆ ಹಾಗೆಯೇ ಬರೆದುಕೊಂಡ. ಹೆಸರು ಕೇಳಿದರೆ ಔಗುಸ್ಟ ಎಂದಳು. ಗಂಡನ ಹೆಸರು ಕೇಳಿದರೆ ಅದಕ್ಕೂ ಔಗುಸ್ಟ ಎಂದಳು. ಊಟದ ಹೊತ್ತಿಗೆ ಹೂಕೋಸು ತಿನ್ನುತ್ತಿದ್ದವಳನ್ನು ಏನು ತಿನ್ನುತ್ತೀ ಎಂದು ಕೇಳಿದರೆ ಪಾಲಕ ಎಂದಳು. ತನ್ನನ್ನು ತಾನೇ ಕಳೆದುಕೊಂಡಿರುವೆನೆಂದು ಅವಳು ಹೇಳಿದ ಮಾತು ಈ ರೋಗದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವೈದ್ಯಶಾಸ್ತ್ರ ಮುಂದೆ ನೂರು ಗ್ರಂಥಗಳಲ್ಲಿ ವಿವರಿಸಿದ್ದನ್ನು ರೋಗಿಯೇ ಮೊದಲ ದಿನಗಳಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದಳು. 1906ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್‌ಗೆ ಹೋಗಿದ್ದ ಆಲ್ಝೈಮರ್ ಅವಳ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ನರಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಅವುಗಳ ನಡುವೆ ಗಸಿಯಂಥ ಗಂಟುಗಳೂ ಕಂಡವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ಸೇರಿದ್ದ ವೈದ್ಯರ ಸಭೆಯಲ್ಲಿ ಈ ಸಂಗತಿಯನ್ನು ಮುಂದಿಟ್ಟಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರಿಟ್ಟ.

ಈ ಕಥೆಯಲ್ಲಿ ಎರಡು ಮರೆವುಗಳಿವೆ. ಡೀಟರಳ ಕಡತವೇ ಕಾಣೆಯಾಗಿ, ಸುಮಾರು 90 ವರ್ಷಗಳ ಮೇಲೆ, 1995ರಲ್ಲಿ, ಫ್ರಾಂಕ್‌ಫರ್ಟಿನ ಆಸ್ಪತ್ರೆಯ ದಾಸ್ತಾನಿನಲ್ಲಿ ಸಿಕ್ಕಿತು. ಮರೆವಿನ ದಾಖಲೆಯನ್ನು ಜಗತ್ತು ಅಷ್ಟು ದಿನ ಮರೆತಿತ್ತು. ಎರಡನೆಯ ಮರೆವು ಇನ್ನೂ ದೊಡ್ಡದು. ಡೀಟರಳಿಗೆ ಇನ್ನೂ ಮುಪ್ಪು ಬಂದಿರಲಿಲ್ಲವಾದ್ದರಿಂದ ಈ ರೋಗ ನಡುವಯಸ್ಸಿನವರ ಅಪರೂಪದ ಜಡ್ಡು ಎಂದು ವೈದ್ಯರು ಬಹುಕಾಲ ಭಾವಿಸಿದರು. ಎಂಬತ್ತು ವರ್ಷದವರ ಮರೆವು ಬೇರೆ, ಅದು ವಯಸ್ಸಿನ ಸಹಜಧರ್ಮ ಎಂದುಕೊಂಡರು. ನಮ್ಮ ಗಾದೆಯ ಅಭಿಪ್ರಾಯವೂ ಅದೇ ತಾನೆ? 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಒಂದು ಚಿಕ್ಕ ಸಂಪಾದಕೀಯ ಬರೆದು, ಇವೆರಡೂ ಒಂದೇ ರೋಗ ಎಂದು ವಾದಿಸಿದ. ಅಲ್ಲಿಗೆ ಅಪರೂಪದ ಜಡ್ಡು ಬಲುಸಾಮಾನ್ಯ ರೋಗವಾಯಿತು. ಮುಪ್ಪಿನ ಸಹಜಧರ್ಮವೆಂದು ಬಿಟ್ಟಿದ್ದು ಆರೈಕೆಯನ್ನು ಬೇಡುವ ಸಂಗತಿಯಾಯಿತು. ಅರಳು ಮರಳು ಎಂಬ ಮಾತಿಗೆ ಡಿಮೆನ್ಷಿಯಾ ಎಂಬ ಹೆಸರು ಜೊತೆಯಾಯಿತು. ಆಲ್ಝೈಮರನ ರೋಗವು ಅದರ ಹಲವು ಕಾರಣಗಳಲ್ಲಿ ಹೆಚ್ಚು ಕಾಣುವಂಥದು.

ಹೆಸರು ಬಂದುದರಿಂದ ಏನಾಯಿತು ಎಂದು ಕೇಳಬಹುದು. ಪೂರ್ತಿ ಗುಣಪಡಿಸುವ ಮದ್ದು ಇಂದಿಗೂ ದೊರೆತಿಲ್ಲ. ಆದರೆ ಹೆಸರು ಬಂದಾಗ ಆರೋಪ ಹೋಗುತ್ತದೆ. ಮುದುಕಿ ಹಟಮಾರಿಯಲ್ಲ, ಸೊಸೆ ಊಟ ಹಾಕಲಿಲ್ಲವೆಂದು ಬೇಕೆಂದೇ ದೂರುತ್ತಿಲ್ಲ, ಅವಳಿಗೆ ಉಂಡದ್ದು ನಿಜವಾಗಿಯೂ ನೆನಪಿಲ್ಲ ಎಂದು ತಿಳಿದರೆ ಒಂದು ಮನೆಯ ಅರ್ಧ ಜಗಳ ನಿಲ್ಲುತ್ತದೆ. ಭಾರತದಲ್ಲಿ ಈ ತಿಳಿವನ್ನು ಹರಡಲು 1992ರಲ್ಲಿ ಕೇರಳದಲ್ಲಿ ಒಂದು ಸಂಸ್ಥೆ ಹುಟ್ಟಿಕೊಂಡಿತು. ಅದು 2010ರಲ್ಲಿ ಹೊರತಂದ ವರದಿಯಲ್ಲಿ ದೇಶದಲ್ಲಿ ಸುಮಾರು 37 ಲಕ್ಷ ಮಂದಿಗೆ ಈ ಸ್ಥಿತಿಯಿದೆಯೆಂದು ಅಂದಾಜು ಮಾಡಿತ್ತು. 2023ರಲ್ಲಿ ಪ್ರಕಟವಾದ ವಿಸ್ತಾರವಾದ ಸಮೀಕ್ಷೆಯೊಂದು ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಇದಕ್ಕೆ ಒಳಗಾಗಿದ್ದಾರೆಂದು ತಿಳಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು ಎಂಬುದೂ ಅದರಿಂದ ಹೊರಬಿದ್ದಿತು. ಇದು ಶಹರದ ಜಡ್ಡು, ಹಳ್ಳಿಯ ಗಾಳಿ ಉಂಡವರಿಗೆ ಬರುವುದಲ್ಲ ಎಂಬ ನಂಬಿಕೆಗೆ ಇದರಿಂದ ಪೆಟ್ಟುಬಿದ್ದಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಸಂಶೋಧಕರು ಸಾವಿರಾರು ಹಿರಿಯರ ನೆನಪಿನ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಅಳೆಯುತ್ತ ಬಂದಿರುವುದು ಈ ಕಾರಣಕ್ಕಾಗಿಯೇ.

ಇನ್ನು ಮನೆಗಳ ಮಾತು. ಮಕ್ಕಳಿರುವಾಗಲೇ ಮುದುಕರನ್ನು ಬೇರೆಯವರ ಆಶ್ರಯದಲ್ಲಿಡುವುದು ನಮ್ಮಲ್ಲಿ ಹೊಸದು; ದಿಕ್ಕಿಲ್ಲದ ಮುದುಕರಿಗೆ ಆಶ್ರಯ ಕೊಡುವುದು ಹೊಸದಲ್ಲ. ಮಠಗಳೂ ಛತ್ರಗಳೂ ಆ ಕೆಲಸವನ್ನು ಮಾಡುತ್ತಿದ್ದವು. ಬೆಂಗಳೂರಿನಲ್ಲಿ ಕ್ರೈಸ್ತ ಸನ್ಯಾಸಿನಿಯರು 1900ರಲ್ಲಿ ಬಡ ವೃದ್ಧರಿಗಾಗಿ ತೆರೆದ ಆಶ್ರಮ ಈ ಬಗೆಯ ಹಳೆಯ ಮನೆಗಳಲ್ಲಿ ಒಂದು. ಅದೇ ನಗರದಲ್ಲಿ 1998ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ವೈದ್ಯಕೀಯ ಟ್ರಸ್ಟ್ 2010ರಲ್ಲಿ ಮರೆವಿನ ರೋಗಿಗಳಿಗೆಂದೇ ಒಂದು ಕೇಂದ್ರವನ್ನು ತೆರೆಯಿತು. 2007ರ ಕೇಂದ್ರ ಕಾಯಿದೆ ತಂದೆತಾಯಿಗಳ ಪಾಲನೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯನ್ನಾಗಿ ಮಾಡಿದ್ದಲ್ಲದೆ, ಜಿಲ್ಲೆಗೊಂದರಂತೆ, 150 ಮಂದಿ ಬಡ ವೃದ್ಧರಿಗೆ ಸ್ಥಳವಿರುವ ಆಶ್ರಮಗಳನ್ನು ರಾಜ್ಯಗಳು ನಡೆಸಬಹುದೆಂದು ಹೇಳಿತು. 2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಶೇಕಡಾ 9.5ರಷ್ಟು ಮಂದಿ ಅರವತ್ತು ದಾಟಿದವರಾಗಿದ್ದರು. ಮಕ್ಕಳು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಯಲ್ಲಿ. ಪಡಸಾಲೆಯ ಮನೆಗೆ ಕೀಲಿ. ಅಂಥ ಮನೆಗಳ ಹಿರಿಯರು ಈಗ ಶಹರದ ಆರೈಕೆ ಕೇಂದ್ರಗಳ ಕಬ್ಬಿಣದ ಮಂಚಗಳ ಮೇಲೆ ಕುಳಿತಿದ್ದಾರೆ.

ಅಂಥ ಒಂದು ಕೇಂದ್ರದಲ್ಲಿ ನನ್ನ ದೊಡ್ಡವ್ವ ಇದ್ದಳು. ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿಗೆ ಮುರಗೋಡಕ್ಕೆ ಸೊಸೆಯಾಗಿ ಬಂದು, ಅರವತ್ತು ವರ್ಷ ಅಲ್ಲಿಯ ಒಲೆಯನ್ನು ಹೊತ್ತಿಸಿದವಳು. ನೋಡಲು ಹೋದಾಗ ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ಯಪ್ಪಾ, ಹೊತ್ತ ಮುಳಗಾಕ ಬಂತು, ಮನೀಗೆ ಹೋಗೂಣು ನಡಿ. ನಮ್ಮವ್ವ ಹಾದೀ ನೋಡತಿರತಾಳ” ಎಂದಳು. ಅವಳ ಅವ್ವ ತೀರಿ ಅರ್ಧ ಶತಮಾನವಾಗಿತ್ತು. ಅವಳು ಹೋಗಬೇಕೆಂದ ಮನೆ ಮುರಗೋಡದ್ದಲ್ಲ, ಹುಟ್ಟೂರಿನದು. ನವಿಲುತೀರ್ಥದ ಎರಡು ಗುಡ್ಡಗಳ ನಡುವೆ 1970ರ ದಶಕದ ಆರಂಭದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಾಗ, ರೇಣುಕಾಸಾಗರದ ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಜೊತೆಗೆ ಬಂದಿದ್ದ ಬಂಧುವೊಬ್ಬರು ಸತ್ಯ ಹೇಳುವುದೇ ಧರ್ಮವೆಂದು ಬಗೆದು, “ದೊಡ್ಡವ್ವಾ, ಆ ಊರ ಮುಳಗಿ ಭಾಳ ವರ್ಷ ಆತಲ್ಲ” ಎಂದರು. ಅವಳು ಆ ಸುದ್ದಿಯನ್ನು ಆಗಲೇ ಮೊದಲ ಸಲ ಕೇಳಿದವಳಂತೆ ಅತ್ತಳು. ಹತ್ತು ನಿಮಿಷದ ಮೇಲೆ ಅತ್ತದ್ದು ಮರೆತಿತ್ತು; ಮೋರೆಯ ಮೇಲಿನ ದುಃಖ ಮಾತ್ರ ಹೋಗಿರಲಿಲ್ಲ. ಏಕೆ ದುಃಖವಾಗಿದೆ ಎಂಬುದು ಅವಳಿಗೆ ತಿಳಿಯದೆ ಅವಳು ಸೆರಗಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದಳು.

ಇದರಲ್ಲಿ ಎರಡು ಸಂಗತಿಗಳು ಅಡಗಿವೆ. ಎರಡನ್ನೂ ಶಾಸ್ತ್ರ ವಿವರಿಸಿದೆ. ಮೊದಲನೆಯದು, ಅರವತ್ತು ವರ್ಷ ಬಾಳಿದ ಊರು ಹೋಗಿ ಹದಿನಾರು ವರ್ಷ ಬಾಳಿದ ಊರು ಉಳಿದದ್ದು. ಫ್ರಾನ್ಸಿನ ತೆಯೊಡುಲ್ ರಿಬೋ ಎಂಬ ವಿದ್ವಾಂಸ 1881ರಷ್ಟು ಹಿಂದೆಯೇ ಇದನ್ನು ನಿಯಮವಾಗಿ ಹೇಳಿದ್ದ. ನೆನಪು ಅಳಿಯುವಾಗ ಹೊಸದು ಮೊದಲು ಅಳಿಯುತ್ತದೆ, ಹಳೆಯದು ಕೊನೆಗೆ. ಇತ್ತೀಚಿನ ಪದರ ಕಳಚಿದಂತೆ ಅಡಿಯ ಪದರ ಮೇಲಕ್ಕೆ ಬರುತ್ತದೆ. ಮೊಮ್ಮಗನನ್ನು ಅರಿಯದವರು ಬಾಲ್ಯದ ಗೆಳತಿಯ ಹೆಸರನ್ನು ತಟ್ಟನೆ ಹೇಳುವುದು ಇದರಿಂದಲೇ. ಮನೆಗೆ ಹೋಗಬೇಕೆಂಬ ಹಂಬಲವೂ ಈ ರೋಗಿಗಳಲ್ಲಿ ಎಲ್ಲ ದೇಶಗಳಲ್ಲಿಯೂ ಕಾಣುವಂಥದು. ಅವರು ಕೇಳುವುದು ಬಹಳ ಸಲ ಗೋಡೆ ಮಾಡುಗಳುಳ್ಳ ಮನೆಯನ್ನಲ್ಲ, ತಾವು ಯಾರೆಂಬುದು ತಮಗೆ ತಿಳಿದಿದ್ದ ಒಂದು ಕಾಲವನ್ನು.

ಎರಡನೆಯದು, ಕಾರಣ ಮರೆತರೂ ದುಃಖ ಉಳಿದದ್ದು. ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆಲ್ಝೈಮರ್ ರೋಗವಿದ್ದ 17 ಮಂದಿಗೆ ಅಳಿಸುವ ಮತ್ತು ನಗಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಅವರಿಗೆ ತಾವು ಏನು ನೋಡಿದೆವೆಂಬುದು ಮರೆಯತೊಡಗಿತು. ಆದರೆ ಅಳುವಿನ ಚಿತ್ರ ನೋಡಿದವರ ಖೇದವೂ ನಗೆಯ ಚಿತ್ರ ನೋಡಿದವರ ಹರ್ಷವೂ ಆಮೇಲೆಯೂ ಉಳಿದವು. ನೆನಪು ಅಳಿದರೂ ಅದು ಬಿಟ್ಟುಹೋದ ಭಾವ ಅಳಿದಿರಲಿಲ್ಲ.

ಆರೈಕೆ ಕೇಂದ್ರಗಳಲ್ಲಿ ತಂದೆತಾಯಿಗಳನ್ನಿಟ್ಟ ಮಕ್ಕಳ ಬಾಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯಾರು ಬಂದರೆಂಬುದು ಅವರಿಗೆ ತಿಳಿಯುವುದಿಲ್ಲ, ಹೋದ ಮೇಲೆ ಬಂದದ್ದೂ ನೆನಪಿರುವುದಿಲ್ಲ, ಹಾಗಿರುವಾಗ ಹೋಗುವುದೇಕೆ? ಇದು ಕಲ್ಲೆದೆಯ ಪ್ರಶ್ನೆಯಲ್ಲ. ಗುರುತು ಸಿಗದ ಕಣ್ಣುಗಳೆದುರು ಕುಳಿತು ಬರುವ ನೋವಿನಿಂದ ಹುಟ್ಟಿದ ಪ್ರಶ್ನೆ. ಆದರೆ ಮೇಲೆ ಹೇಳಿದ ಅಧ್ಯಯನ ಸರಿಯಾದರೆ ಇದಕ್ಕೆ ಉತ್ತರವಿದೆ. ಭೇಟಿಯ ಫಲ ನೆನಪಿನಲ್ಲಿ ಉಳಿಯುವುದಿಲ್ಲ, ಆ ದಿನದ ಉಳಿದ ಗಂಟೆಗಳಲ್ಲಿ ಉಳಿಯುತ್ತದೆ. ಮಗಳು ಬಂದು ತಲೆ ಬಾಚಿ ಹೋದಳೆಂಬುದು ತಾಯಿಗೆ ಮರೆಯಬಹುದು. ಬಾಚಿಸಿಕೊಂಡ ಸಮಾಧಾನ ಸಂಜೆಯವರೆಗೆ ಇರಬಹುದು. ಲೆಕ್ಕ ಇಡುವ ಶಕ್ತಿಯನ್ನು ಕಳೆದುಕೊಂಡವರಿಗೆ ಕೊಟ್ಟದ್ದು ಕೊಟ್ಟವರ ಹೆಸರಿಗೆ ಜಮೆಯಾಗುವುದಿಲ್ಲ. ಆದ್ದರಿಂದಲೇ ಅದು ನಿಜವಾದ ದಾನ.

ಹೋದಾಗ ಏನು ಮಾಡಬೇಕೆಂಬುದಕ್ಕೂ ಈ ಚರಿತ್ರೆಯಲ್ಲಿ ಪಾಠವಿದೆ. ಪರೀಕ್ಷೆಗೆ ಕೂರಿಸಿದಂತೆ ನಾನು ಯಾರು, ಹೇಳು ಎಂದು ಕೇಳುವುದು ವೈದ್ಯನ ಕೆಲಸ, ಮಗನ ಕೆಲಸವಲ್ಲ. ಹೆಸರನ್ನು ತಾವಾಗಿಯೇ ಹೇಳಿ ಕುಳಿತರೆ ಆಯಿತು. ಮುಳುಗಿದ ಊರಿನ ಸುದ್ದಿಯನ್ನು ದಿನಕ್ಕೊಮ್ಮೆ ಹೊಸದಾಗಿ ಹೇಳಿ ಅಳಿಸುವುದಕ್ಕಿಂತ, ಆ ಊರಿನ ಹೊಳೆ ಹೇಗಿತ್ತು, ಸುಗ್ಗಿ ಹೇಗಾಗುತ್ತಿತ್ತು ಎಂದು ಕೇಳುವುದು ಮೇಲು. ಅದರಲ್ಲಿ ಸುಳ್ಳೇನೂ ಇಲ್ಲ. ನೆದರ್‌ಲ್ಯಾಂಡ್ಸಿನ ವೇಸ್ಪ್ ಎಂಬಲ್ಲಿ 2009ರಲ್ಲಿ ಮರೆವಿನ ರೋಗಿಗಳಿಗಾಗಿ ಒಂದು ಪುಟ್ಟ ಊರನ್ನೇ ಕಟ್ಟಿದರು. ಅಲ್ಲಿ ಬೀದಿಯಿದೆ, ಅಂಗಡಿಯಿದೆ. ಅವರವರು ಹಿಂದೆ ಬದುಕಿದ್ದ ರೀತಿಗೆ ಹೊಂದುವಂತೆ ಬೇರೆ ಬೇರೆ ಬಗೆಯ ಮನೆಗಳಿವೆ. ಹಣವಂತ ದೇಶದ ಆ ಏರ್ಪಾಟನ್ನು ಹಾಗೆಯೇ ಇಲ್ಲಿ ನಕಲು ಮಾಡಲಾಗದು. ಆದರೆ ಅದರ ಒಳಗಿನ ತತ್ವಕ್ಕೆ ಬಹಳ ಹಣ ಬೇಡ. ಜೀವನವಿಡೀ ಜೋಳದ ರೊಟ್ಟಿ ತಿಂದ ಕೈಗೆ ಚಮಚೆ ಕೊಟ್ಟು ಇಡ್ಲಿ ತಿನ್ನಿಸುವ ಬದಲು ಒಂದು ಬಿಸಿರೊಟ್ಟಿ ಕೊಡಬಹುದು. ಇಳಕಲ್ಲ ಸೀರೆ ಉಟ್ಟವಳಿಗೆ ಅಳತೆಯ ನೈಟಿ ತೊಡಿಸುವುದಕ್ಕೆ ಮುಂಚೆ ಒಮ್ಮೆ ಯೋಚಿಸಬಹುದು.

ಹಾಡಿನ ಮಾತನ್ನು ಇಲ್ಲಿಯೇ ಹೇಳಬೇಕು. ಸಂಸಾರದ ಹೆಸರುಗಳೆಲ್ಲ ಅಳಿದ ಮೇಲೂ ಹಾಡು ಬಹಳ ದಿನ ಉಳಿಯುತ್ತದೆಂಬುದನ್ನು ಈ ರೋಗಿಗಳನ್ನು ನೋಡಿಕೊಳ್ಳುವವರೆಲ್ಲ ಬಲ್ಲರು. ಕೈ ಕಲಿತ ಕೆಲಸವೂ ಹಾಗೆಯೇ. ವಾಕ್ಯವೊಂದನ್ನು ಮುಗಿಸಲಾರದ ಮುದುಕಿ ಬೀಸುವ ಕಲ್ಲಿನ ಪದವನ್ನು ತುದಿಯವರೆಗೆ ಹಾಡುತ್ತಾಳೆ. ರೊಟ್ಟಿಯ ಹಿಟ್ಟು ಕೊಟ್ಟರೆ ಕೈ ತಾನೇ ಬಡಿಯತೊಡಗುತ್ತದೆ. ನಮ್ಮ ಸೀಮೆಗೆ ಇದು ಬರಿಯ ವೈದ್ಯಕೀಯ ಕುತೂಹಲವಲ್ಲ. ಈ ಸೀಮೆಯ ಚರಿತ್ರೆಯ ದೊಡ್ಡ ಪಾಲು ಬಾಯಿಂದ ಬಾಯಿಗೆ ಬಂದದ್ದು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕಣ್ಣುಮುಚ್ಚಿದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಗೆದ್ದವರ ದಫ್ತರಗಳಲ್ಲಿ ಇವರು ಬಂಡಾಯಗಾರರು. ಇವರನ್ನು ವೀರರನ್ನಾಗಿ ಕಾಪಾಡಿದ್ದು ಲಾವಣಿಕಾರರ, ಗೀಗೀ ಮೇಳದವರ, ಮನೆಯ ಮುದುಕಿಯರ ನೆನಪು. ಓದುಬರಹ ಬಲ್ಲವರು ಬಂದು ಬರೆದುಕೊಂಡದ್ದು ಆಮೇಲೆ. ಹೀಗೆ ಒಂದು ನಾಡಿನ ದಫ್ತರವಾಗಿದ್ದ ತಲೆಗಳು ಒಂದೊಂದಾಗಿ ಬರಿದಾಗುವಾಗ, ನಷ್ಟ ಒಂದು ಮನೆಯದು ಮಾತ್ರವಲ್ಲ. ಸುಗ್ಗಿಯ ಕಣದಲ್ಲಿ ಎತ್ತುಗಳ ಹಿಂದೆ ಹಾಡುತ್ತಿದ್ದ ಹಂತಿಯ ಪದಗಳನ್ನು, ರಾಶಿಯಂತ್ರ ಬಂದ ಮೇಲೆ, ಈಗ ಯಾವ ಕಣದಲ್ಲಿ ಕೇಳುವುದು? ಅವು ಉಳಿದಿದ್ದರೆ ಇಂಥ ಮುದುಕರ ಎದೆಯಲ್ಲಿ ಉಳಿದಿವೆ. ನೋಡಲು ಹೋದವನು ಒಂದು ಪದದ ಮೊದಲ ಸೊಲ್ಲನ್ನು ಎತ್ತಿಕೊಟ್ಟು, ಅವರು ಮುಂದುವರಿಸಿದ್ದನ್ನು ಬರೆದುಕೊಂಡರೆ, ಅಥವಾ ಕಿಸೆಯಲ್ಲಿರುವ ಫೋನಿನಲ್ಲಿ ಧ್ವನಿ ಹಿಡಿದುಕೊಂಡರೆ, ಭೇಟಿಯೂ ಆಯಿತು, ಚರಿತ್ರೆಯ ಸೇವೆಯೂ ಆಯಿತು.

ಗಡಿಸೀಮೆಯವರು ಸಂತೋಷಪಡಬಹುದಾದ ಇನ್ನೊಂದು ಶೋಧವುಂಟು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಭಾಷೆಯನ್ನು ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಈ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ಅಂತರ ಕಂಡಿತು. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ದರ್ಗಾದ ಉರುಸಿನಲ್ಲಿ ಉರ್ದು ಎಂದು ಮೂರು ನಾಲಗೆಗಳಲ್ಲಿ ವ್ಯವಹರಿಸಿಕೊಂಡು ಬಂದ ಬೆಳಗಾವಿ ಸೀಮೆಯ ನಿರಕ್ಷರ ಹಿರಿಯರಿಗೆ ಅವರ ನೆರೆಹೊರೆಯೇ ಒಂದು ಪಾಠಶಾಲೆಯಾಗಿತ್ತು. ಭಾಷೆಗಳ ನಡುವೆ ಜಗಳ ಹಚ್ಚುವವರು ಈ ಲಾಭವನ್ನು ಲೆಕ್ಕಕ್ಕೆ ಹಿಡಿದಿರಲಾರರು.

ಹಾಗಾದರೆ ಆರೈಕೆ ಕೇಂದ್ರದಲ್ಲಿಡುವುದು ಸರಿಯೋ ತಪ್ಪೋ? ಚರಿತ್ರೆ ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. 2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಅಭಿನಯಿಸಿದ ವೆಂಕೋಬರಾಯರು ಇಂಥ ಕೇಂದ್ರದಲ್ಲಿದ್ದವರು. ಒಂದು ದಿನ ಮಹಾನಗರದಲ್ಲಿ ಕಾಣೆಯಾಗುತ್ತಾರೆ. ಕಳೆದ ತಂದೆಯನ್ನು ಹುಡುಕಲು ಗುರುತು ಹೇಳಹೊರಟ ಮಗನಿಗೆ ಮೈಬಣ್ಣ, ಮೈಕಟ್ಟುಗಳಿಗಿಂತ ಹೆಚ್ಚೇನೂ ಗೊತ್ತಿಲ್ಲವೆಂಬುದನ್ನು ಆ ಹೆಸರೇ ಹೇಳುತ್ತದೆ. ಮರೆತವನು ತಂದೆ, ಆದರೆ ತಿಳಿಯದೆ ಉಳಿದವನು ಮಗ. ಮನೆಯಲ್ಲಿಟ್ಟುಕೊಂಡೂ ಹೀಗೆ ತಿಳಿಯದೆ ಉಳಿಯಬಹುದು. ಕೇಂದ್ರದಲ್ಲಿಟ್ಟೂ ವಾರವಾರ ಹೋಗಿ ತಿಳಿಯಬಹುದು. ಒಬ್ಬಳೇ ಸೊಸೆಯ ಬೆನ್ನ ಮೇಲೆ ಹೊರಿಸಿದ ಪಡಸಾಲೆಯ ಕರುಣೆಗಿಂತ, ಬಲ್ಲ ದಾದಿಯರ ಕೈಯಲ್ಲಿಟ್ಟು ಮನೆಯವರೆಲ್ಲ ಸರದಿಯಲ್ಲಿ ಹೋಗಿ ಕೂಡುವುದು ಕೀಳೆಂದು ಹೇಳಲಾರೆವು. ಇಟ್ಟು ಮರೆಯುವುದು ಮಾತ್ರ ಬೇರೆಯ ಸಂಗತಿ. ಅದಕ್ಕೆ ರೋಗದ ನೆಪವಿಲ್ಲ.

ನಮ್ಮ ಹಿಂದಿನವರು ಈ ಸ್ಥಿತಿಗೆ ಒಂದು ಗಾದೆಯನ್ನು ಕೊಟ್ಟರು. ಶಾಸ್ತ್ರ ಒಂದು ಹೆಸರನ್ನು ಕೊಟ್ಟಿತು. ಕಾಯಿದೆ ಒಂದು ಮನೆಯನ್ನು ಕೊಡಲು ಹೊರಟಿದೆ. ಉಳಿದ ಒಂದನ್ನು ಇವು ಯಾವುವೂ ಕೊಡಲಾರವು. ತಾನು ಯಾರೆಂದು ಮರೆತವರ ಬದಲಿಗೆ, ಅವರು ಯಾರೆಂಬುದನ್ನು ನೆನಪಿಟ್ಟುಕೊಳ್ಳುವ ಒಬ್ಬರು ಬೇಕು. ಇವಳು ಇಂಥ ಊರವಳು, ಇಂಥ ಹಾಡು ಬಲ್ಲವಳು, ಇಷ್ಟು ಜನಕ್ಕೆ ಉಣಬಡಿಸಿದವಳು ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ದಾದಿಗೆ ಹೇಳುವವರು ಬೇಕು. ಹಿಂದೆ ಆ ಕೆಲಸವನ್ನು ಇಡೀ ಊರು ಮಾಡುತ್ತಿತ್ತು. ಊರು ಚದರಿದ ಮೇಲೆ ಅದು ಒಬ್ಬಿಬ್ಬರ ಪಾಲಿಗೆ ಬಂದಿದೆ. ನಾಡಿನ ಚರಿತ್ರೆಯನ್ನು ನೆನಪಿಡಬೇಕೆಂದು ಸಭೆಗಳಲ್ಲಿ ಹೇಳುವ ನಾವು ನಮ್ಮ ಮನೆಯ ಒಬ್ಬರ ಚರಿತ್ರೆಯನ್ನಾದರೂ ಅವರ ಪರವಾಗಿ ನೆನಪಿಟ್ಟುಕೊಳ್ಳಬಲ್ಲೆವಾದರೆ, ಅಲ್ಲಿಂದ ಮುಂದಿನದು ತಾನೇ ಬರುತ್ತದೆ.